ಏರ್ ಅಂಡ್ ಸ್ಪೇಸ್ ಲಾ ಆಪ್ಷನಲ್ ತಗೊಳ್ಳೋದಾ ಬೇಡ್ವಾ? ಮೈಸೂರು-ಮಂಡ್ಯದ ಕಡೆಯವರು ಹೇಳಿ

ಕೆರಗೋಡಿನ ಹುಡುಗ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಐದು ವರ್ಷದ ಲಾ ಓದ್ತಿದ್ದೀನಿ, ಈಗ ನಾಲ್ಕನೇ ವರ್ಷ. ಮುಂದಿನ ಸೆಮಿಸ್ಟರ್‌ಗೆ ಆಪ್ಷನಲ್ ಪೇಪರ್ ಆರಿಸಬೇಕು. ಪಟ್ಟಿಯಲ್ಲಿ ವಾಯು ಮತ್ತು ಬಾಹ್ಯಾಕಾಶ ಕಾನೂನು ಇದೆ, ಆದರೆ ಇಷ್ಟು ಜನ ಸೇರದಿದ್ರೆ ಕ್ಲಾಸ್ ನಡೆಸಲ್ಲ ಅಂತಾರೆ. ಸೀನಿಯರ್‌ಗಳನ್ನ ಕೇಳಿದ್ರೆ "ಸ್ಕೋರಿಂಗ್ ಸಬ್ಜೆಕ್ಟ್ ಗುರು, ಗೈಡಲ್ಲಿ ಹತ್ತು ಪ್ರಶ್ನೆ ಬಾಯಿಪಾಠ ಹೊಡಿ, ಮುಗೀತು" ಅಂದ್ರು. ಅದೇ ನನಗೆ ಹಿಡಿಸಲಿಲ್ಲ. ಬಾಯಿಪಾಠಕ್ಕಾದ್ರೆ ಯಾವ ಪೇಪರ್ ಆದ್ರೇನು?

ಮನೇಲಿ ಅಪ್ಪನಿಗೆ ಹೇಳಿದ್ದಕ್ಕೆ, "ಪೋಡಿ, ಪಹಣಿ ಅರ್ಥ ಮಾಡ್ಕೊಂಡು ಬಾ ಅಂತ ಕಳ್ಸುದ್ರೆ ಇವ್ನು ಆಕಾಶ ಅಳೀತಾನಂತೆ" ಅಂದ್ರು. ನಿಜ ಹೇಳಿ, ಓದಿ ಮಂಡ್ಯಕ್ಕೇ ವಾಪಸ್ ಬಂದು ಪ್ರಾಕ್ಟೀಸ್ ಮಾಡೋನಿಗೆ ಇದರಿಂದ ಏನಾದ್ರೂ ಉಪಯೋಗ ಇದೆಯಾ?

ಹೆಬ್ಬಾಳ ಇಂಜಿನಿಯರ್
ಇಲ್ಲ. ಮುಂದಿನ ಪ್ರಶ್ನೆ?

ತಮಾಷೆ ಬಿಡಿ. ವಿಮಾನ ಕಂಪನಿ ಡೆಲ್ಲೀಲಿ, ಇಸ್ರೋ ಬೆಂಗಳೂರಲ್ಲಿ, ಒಪ್ಪಂದ ಎಲ್ಲಾ ಜಿನೀವಾ, ನ್ಯೂಯಾರ್ಕಲ್ಲಿ. ಮೈಸೂರಿನ ವಿಮಾನ ನಿಲ್ದಾಣಕ್ಕೆ ಬರೋ ವಿಮಾನ ಕೈಬೆರಳಲ್ಲಿ ಎಣಿಸಬಹುದು. ಸೈಬರ್ ಲಾ ತಗೋ, ಕೆಲಸ ಸಿಗುತ್ತೆ.

ಕೋರ್ಟ್ ಕಾರಿಡಾರ್
ತಮ್ಮಾ, ಮಂಡ್ಯ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಇಲ್ಲಿ ಅನ್ನ ಹಾಕೋದು ಪಾಲು ವಿಭಾಗದ ದಾವೆ, ಎಂವಿಸಿ (ವಾಹನ ಅಪಘಾತದ ಪರಿಹಾರದ ಕೇಸು), ಚೆಕ್ ಬೌನ್ಸು, ಭೂಸ್ವಾಧೀನದ ಪರಿಹಾರ. ಇಷ್ಟು ವರ್ಷದಲ್ಲಿ ವಿಮಾನ ಅಂತ ಬಂದದ್ದು ಒಂದೇ ಕಕ್ಷಿ. ದುಬೈನಿಂದ ಬಂದ ಹುಡುಗ, ಪೆಟ್ಟಿಗೆ ಒಡೆದುಹೋಗಿತ್ತು, ಒಳಗಿದ್ದದ್ದು ಪುಡಿ. ಆ ಏರ್‌ಲೈನಿನವರು ಅಲ್ಲಿ ಇಲ್ಲಿ ಅಲೆಸಿದರು. ನನ್ನ ಹತ್ತಿರ ಬರುವಷ್ಟರಲ್ಲಿ ಎರಡು ತಿಂಗಳು ದಾಟಿತ್ತು. ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು, ಅವನೇ ಬೇಡ ಅಂದ. ಅಷ್ಟಕ್ಕೆ ಒಂದು ಸೆಮಿಸ್ಟರ್ ಓದಬೇಕಾ, ನೀನೇ ಯೋಚಿಸು.

ಗಂಗೋತ್ರಿ ಮೇಷ್ಟ್ರು
ಕೋರ್ಟ್ ಕಾರಿಡಾರ್ ಅವರೇ, ಆ ಹುಡುಗ ಗ್ರಾಹಕರ ಆಯೋಗಕ್ಕೆ ಹೋಗಿದ್ದರೂ ಮೊದಲ ಪ್ರಶ್ನೆ "ಏಳು ದಿನದೊಳಗೆ ಲಿಖಿತ ದೂರು ಕೊಟ್ಟಿದ್ದೀಯಾ?" ಎಂಬುದೇ ಆಗಿರುತ್ತಿತ್ತು. 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಒಡೆದ ಬ್ಯಾಗೇಜಿಗೆ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನ, ದಾವೆ ಹೂಡಲು 2 ವರ್ಷ. ನಮ್ಮ 1972ರ ಕ್ಯಾರೇಜ್ ಬೈ ಏರ್ ಆಕ್ಟಿಗೆ 2009ರಲ್ಲಿ ತಿದ್ದುಪಡಿ ತಂದು ಇದನ್ನು ಒಳಗೆ ಸೇರಿಸಿದ್ದಾರೆ. ಅಂದರೆ ಇದು ಜಿನೀವಾದ ಮಾತಲ್ಲ, ನಮ್ಮ ಸಂಸತ್ತಿನ ಕಾಯ್ದೆ. ಗಡುವು ಗೊತ್ತಿದ್ದ ವಕೀಲ ಫೋನಿನಲ್ಲೇ "ಇವತ್ತೇ ಒಂದು ಇಮೇಲ್ ಹಾಕು" ಎನ್ನುತ್ತಾನೆ. ಅಷ್ಟೇ ವ್ಯತ್ಯಾಸ, ಆದರೆ ಕೇಸು ನಿಲ್ಲುವುದೂ ಬೀಳುವುದೂ ಅದರ ಮೇಲೆ.

ಈಗ ಕೆರಗೋಡಿನ ಹುಡುಗನಿಗೆ. ಈ ಪೇಪರ್ ಪಾಠ ಮಾಡಿದವನಾಗಿ ಹೇಳುತ್ತೇನೆ: ಹೆಸರಿನಲ್ಲಿ "ಮತ್ತು" ಎಂದು ಸೇರಿಸಿಬಿಟ್ಟಿದ್ದಾರೆ, ಇವು ಒಂದೇ ವಿಷಯ ಅಲ್ಲ. ಅಣ್ಣತಮ್ಮಂದಿರೂ ಅಲ್ಲ. ವಾಯು ಕಾನೂನಿನ ಬುನಾದಿ 1944ರ ಷಿಕಾಗೊ ಒಪ್ಪಂದ. ಅದರ ಮೊದಲನೇ ವಿಧಿಯೇ, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದಲ್ಲಿ ಸಂಪೂರ್ಣ ಹಾಗೂ ಅನನ್ಯ ಸಾರ್ವಭೌಮತ್ವ ಇದೆ ಎನ್ನುತ್ತದೆ. ಬಾಹ್ಯಾಕಾಶದ ಬುನಾದಿ 1967ರ ಒಪ್ಪಂದ. ಅದರ ಎರಡನೇ ವಿಧಿ ಇದರ ತಲೆಕೆಳಗು: ಅಲ್ಲಿ ಯಾವ ದೇಶವೂ ಯಾವುದನ್ನೂ ತನ್ನದೆನ್ನುವಂತಿಲ್ಲ. ಕೆಳಗೆ "ಇದು ನನ್ನದು", ಮೇಲೆ "ಇದು ಯಾರದ್ದೂ ಅಲ್ಲ". ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಯಾವ ಒಪ್ಪಂದವೂ ಬರೆದಿಲ್ಲ. 100 ಕಿ.ಮೀ. ಎತ್ತರದ ಕಾರ್ಮನ್ ರೇಖೆ ಎಂದು ಗೈಡುಗಳಲ್ಲಿ ಇರುತ್ತದೆ. ಅದು ರೂಢಿ, ಕಾನೂನಲ್ಲ. ಅಮೆರಿಕದವರು 80 ಕಿ.ಮೀ. ದಾಟಿದವರಿಗೇ ಗಗನಯಾತ್ರಿ ಪಟ್ಟ ಕೊಟ್ಟಿದ್ದಾರೆ.

ಬಹಳ ಕಡೆ ಪಾಠ ಹೇಗೆ ನಡೆಯುತ್ತದೆ ಎಂದರೆ, ಮೊದಲ ತಿಂಗಳು ಪ್ಯಾರಿಸ್, ಹವಾನಾ, ವಾರ್ಸಾ, ಷಿಕಾಗೊ ಎಂದು ಒಪ್ಪಂದಗಳ ಇಸವಿಗಳ ಪಟ್ಟಿ, ಕೊನೆಯ ತಿಂಗಳು ಐದು ಬಾಹ್ಯಾಕಾಶ ಒಪ್ಪಂದಗಳ ಪಟ್ಟಿ, ಮಧ್ಯೆ ಪರೀಕ್ಷೆ. ನಿಮ್ಮ ಸೀನಿಯರ್ ಹೇಳಿದ ಹತ್ತು ಪ್ರಶ್ನೆ ಅಲ್ಲಿಂದಲೇ ಬಂದದ್ದು. ಹಾಗೆ ಕಲಿಸುವುದಾದರೆ ತಗೋಬೇಡ, ಹೆಬ್ಬಾಳದವರು ಹೇಳಿದ್ದೇ ಸರಿ.

ಡ್ರೋನ್ ದೊಡ್ಡಿ
ಸಾರ್ ನಮಸ್ಕಾರ, ಮದ್ದೂರು ಸೀಮೆಯವನು. ಔಷಧಿ ಹೊಡಿಯೋ ಡ್ರೋನ್ ಓಡುಸ್ತೀನಿ, ಲೈಸೆನ್ಸ್ ಐತೆ. ಕಾನೂನು ಓದಿಲ್ಲ, ಆದ್ರೆ ನನ್ಗೊಂದು ಉತ್ತರ ಬೇಕು, ಇಲ್ಲಿ ಆಕಾಶದ ಲಾಯರ್‌ಗಳು ಸೇರವ್ರೆ ಅಂತ ಬಂದೆ.

ಕಬ್ಬು ಎದೆಮಟ್ಟ ದಾಟುದ್ರೆ ಒಳಕ್ಕೆ ಆಳು ಹೋಗಕಾಗಲ್ಲ, ಗರಿ ಕುಯ್ತದೆ. ಅದಕ್ಕೇ ಡ್ರೋನ್‌ಗೆ ಬೇಡಿಕೆ. ಹತ್ತು ಲೀಟರ್ ಟ್ಯಾಂಕು, ಬೆಳೆ ಮೇಲೆ ಎಂಟತ್ತಡಿ ಎತ್ತರದಲ್ಲಿ ಹೊಡ್ಕೊಂಡ್ ಹೋಯ್ತೀವಿ. ಹೋದ ಸಲ ಒಂದ್ ಕಡೆ ಹೊಡೀತಿದ್ದಾಗ ಗಾಳಿ ತಿರುಗ್ತು. ಪಕ್ಕದ ಬದುನಾಚೆ ಹಿಪ್ಪುನೇರಳೆ ತೋಟ. ಸಿಂಪಡಣೆ ಅಲ್ಲಿಗೆ ಬಿದ್ದದೆ ಅಂತ ಅವ್ರು, ಬಿದ್ದಿಲ್ಲ ಅಂತ ನಾವು. ಅವರ ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದಿದ್ವಂತೆ, ಇನ್ನೇನು ಹಣ್ಣಾಗಿ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬುಡ್ಬೇಕು. ಆ ಸೊಪ್ಪು ಹಾಕುದ್ಮೇಲೆ ಪೂರ್ತಿ ಹೋಯ್ತು ಅಂತಾರೆ. ಈಗ ಹೊಲದ ಯಜಮಾನ ನನ್ ಕಡೆ ಕೈ ತೋರುಸ್ತಾನೆ, ನಾನು ಕಂಪನಿ ಕಡೆ ಕೈ ತೋರುಸ್ತೀನಿ, ಕಂಪನಿಯೋರು ಫೋನೇ ಎತ್ತಲ್ಲ. ಪಂಚಾಯ್ತಿ ಎರಡು ಸಲ ಆಗದೆ. ಇದಕ್ಕೆ ಕಾನೂನು ಯಾವುದು?

ಕೋರ್ಟ್ ಕಾರಿಡಾರ್
ಇದು ಸಿವಿಲ್ ದಾವೆ ಕಣಪ್ಪ. ನಷ್ಟ ಪರಿಹಾರ. ನಿರ್ಲಕ್ಷ್ಯ ಸಾಬೀತು ಮಾಡಬೇಕು, ಸೊಪ್ಪಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿದ್ದರೆ ಅವರ ಕೇಸು ಗಟ್ಟಿ, ಇಲ್ಲದಿದ್ದರೆ ಎಳೆದಾಡುತ್ತೆ. ಆಕಾಶದ ಕಾನೂನು ಯಾಕೆ ಬೇಕು ಇದಕ್ಕೆ?

ಗಂಗೋತ್ರಿ ಮೇಷ್ಟ್ರು
ಬೇಕು ಸಾರ್, ಅದೂ ನಿಮ್ಮ ಮನೆ ಬಾಗಿಲಿಗೇ ಬಂದಿದೆ. 2021ರ ಡ್ರೋನ್ ನಿಯಮಗಳಲ್ಲಿ ವಿಮೆಯ ನಿಯಮ ನೋಡಿ. ಡ್ರೋನಿನಿಂದ ಮೂರನೆಯವರ ಜೀವಕ್ಕೆ, ಆಸ್ತಿಗೆ ಹಾನಿಯಾದರೆ ಥರ್ಡ್ ಪಾರ್ಟಿ ವಿಮೆಗೂ ಪರಿಹಾರಕ್ಕೂ 1988ರ ಮೋಟಾರು ವಾಹನ ಕಾಯ್ದೆಯೇ, ಬೇಕಾದ ಬದಲಾವಣೆಗಳೊಂದಿಗೆ, ಅನ್ವಯ ಎಂದಿದೆ. 250 ಗ್ರಾಂ ಒಳಗಿನ ನ್ಯಾನೊ ಡ್ರೋನಿಗೆ ಮಾತ್ರ ವಿಮೆ ಕಡ್ಡಾಯ ಇಲ್ಲ. ದೊಡ್ಡಿಯವರ ಯಂತ್ರ ಟ್ಯಾಂಕು ತುಂಬಿದರೆ ಅದರ ಎಷ್ಟೋ ಪಾಲು ಹೆಚ್ಚು ತೂಕ.

ಕೋರ್ಟ್ ಕಾರಿಡಾರ್
ಏನಂದ್ರಿ? ಡ್ರೋನಿಗೆ ಎಂವಿ ಆಕ್ಟಾ?

ಸರಸ್ವತಿಪುರಂ ಸ್ಟೂಡೆಂಟ್
😄 ಸಾರ್‌ಗೆ ಈಗ ಸಬ್ಜೆಕ್ಟ್ ಇಷ್ಟ ಆಯ್ತು.

ಕೋರ್ಟ್ ಕಾರಿಡಾರ್
ನಗಬೇಡಮ್ಮ. ಈಗ ನಿಯಮ ತೆಗೆದು ಓದಿದೆ. ಮೇಷ್ಟ್ರು ಹೇಳಿದ ಹಾಗೇ ಇದೆ. ಆದರೆ ಓದಿದ ಮೇಲೆ ಉತ್ತರಕ್ಕಿಂತ ಪ್ರಶ್ನೆ ಜಾಸ್ತಿ ಹುಟ್ಟಿತು. ಮೋಟಾರು ಕಾಯ್ದೆ ಅನ್ವಯ ಅಂದರೆ ಅರ್ಜಿ ಎಂಎಸಿಟಿ, ಅಂದರೆ ವಾಹನ ಅಪಘಾತ ಪರಿಹಾರದ ಟ್ರಿಬ್ಯೂನಲ್ ಮುಂದೆ ಹಾಕೋದಾ? ಒಂದು ಇಲಾಖೆ ಮಾಡಿದ ನಿಯಮದಿಂದ ಇನ್ನೊಂದು ಕಾಯ್ದೆಯ ಟ್ರಿಬ್ಯೂನಲ್‌ಗೆ ಅಧಿಕಾರ ಹುಟ್ಟುತ್ತಾ? ಹುಟ್ಟುತ್ತೆ ಅನ್ನೋದಾದರೆ ಅರ್ಜಿ ಹಾಕೋಕೆ ಆ ಕಾಯ್ದೆಯ 2019ರ ತಿದ್ದುಪಡಿ ಇಟ್ಟ ಆರು ತಿಂಗಳ ಗಡುವೂ ಬಂತು. ಎರಡು ಪಂಚಾಯ್ತಿ ಮಾಡ್ಕೊಂಡು ಕೂತಿದ್ದಾರಲ್ಲ, ರೇಷ್ಮೆಯವರು ಕಳೆದುಕೊಳ್ತಿರೋದು ಅದನ್ನೇ. ಇನ್ನೊಂದು, ಡ್ರೋನು ಬಿದ್ದು ತಲೆ ಒಡೆದರೆ ಅದು ವಾಹನದ ಬಳಕೆಯಿಂದಾದ ಅಪಘಾತ ಅಂತ ಕಣ್ಣು ಮುಚ್ಚಿ ವಾದ ಮಾಡ್ತೀನಿ. ಡ್ರೋನು ಸರಿಯಾಗೇ ಹಾರಿ, ಅದು ಚೆಲ್ಲಿದ ಔಷಧಿಯಿಂದ ಹುಳ ಸತ್ತರೆ? ಟ್ಯಾಂಕರ್ ಉರುಳಿ ಪೆಟ್ರೋಲ್ ಸೋರಿ, ಗಂಟೆಗಳ ಮೇಲೆ ಬೆಂಕಿ ಹತ್ತಿಕೊಂಡದ್ದನ್ನೂ ವಾಹನದ ಬಳಕೆಯಿಂದಾದ ಅಪಘಾತ ಅಂತ ಸುಪ್ರೀಂ ಕೋರ್ಟ್ ಒಪ್ಪಿದೆ. ಆ ದಾರೀಲಿ ಎಳೀಬಹುದು ಅನ್ನಿಸುತ್ತೆ.

ದೊಡ್ಡಿ, ನಿನ್ನ ಪಾಲಿಸಿ ತೆಗೆ. ಸಿಂಪಡಿಸಿದ ರಾಸಾಯನಿಕದಿಂದ ಆಗೋ ಹಾನಿ ಹೊರಗಿಟ್ಟಿದ್ದಾರಾ ನೋಡು.

ಡ್ರೋನ್ ದೊಡ್ಡಿ
ಪಾಲಿಸಿ ಇಂಗ್ಲಿಷಲ್ಲಿ ಐತೆ ಸಾರ್, ಅಕ್ಷರ ಸಾಸಿವೆ ಕಾಳಷ್ಟು. ಹುಡುಕ್ತೀನಿ.

ಮಂಡಕಳ್ಳಿ ರಿಟೈರ್ಡ್
ತಡವಾಗಿ ಸೇರುತ್ತಿದ್ದೇನೆ. ವಿಮಾನ ನಿಲ್ದಾಣಗಳ ಕೆಲಸದಲ್ಲೇ ನಿವೃತ್ತಿಯಾದವನು, ಈಗ ಮೈಸೂರಿನಲ್ಲಿದ್ದೇನೆ. ಹೆಬ್ಬಾಳದವರೇ, ಬರುವ ವಿಮಾನ ಎಣಿಸಿ ವಾಯು ಕಾನೂನು ಅಳೆಯಬೇಡಿ. ರನ್‌ವೇ ಇದ್ದರೆ ಸಾಕು, ದಿನಕ್ಕೆ ಒಂದೇ ವಿಮಾನ ಇಳಿಯಲಿ, ಸುತ್ತಲಿನ ಕಿಲೋಮೀಟರುಗಟ್ಟಲೆ ಜಮೀನಿನ ಮೇಲೆ ಕಾನೂನು ಕೂತಿರುತ್ತದೆ.

ನನ್ನ ಹತ್ತಿರ ಜನ ಹಿಡಿದುಕೊಂಡು ಬರುತ್ತಿದ್ದ ಕಾಗದ ಯಾವುದು ಗೊತ್ತೆ? ಎತ್ತರದ ಎನ್‌ಒಸಿ, ಅಂದರೆ ಇಷ್ಟೆತ್ತರ ಕಟ್ಟಲು ಅಭ್ಯಂತರವಿಲ್ಲ ಎಂಬ ಪತ್ರ. 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ ಬಣ್ಣಬಣ್ಣದ ಚೌಕಗಳ ನಕ್ಷೆ ಇರುತ್ತದೆ. ಕೆಂಪು ಚೌಕದಲ್ಲಿ ನಿಮ್ಮ ಸೈಟಿದ್ದರೆ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೇ ಅರ್ಜಿ ಹಾಕಬೇಕು. ಬೇರೆ ಬಣ್ಣದಲ್ಲಿ ಒಂದು ಎತ್ತರ ಬರೆದಿರುತ್ತದೆ, ಅದರೊಳಗಿದ್ದರೆ ಸ್ಥಳೀಯ ಸಂಸ್ಥೆಯೇ ಪ್ಲಾನ್ ಮಂಜೂರು ಮಾಡಬಹುದು. ಎಡವಟ್ಟಾಗುವುದು ಇಲ್ಲೇ. ಉದಾಹರಣೆಗೆ ಚೌಕದಲ್ಲಿ 780 ಮೀಟರ್ ಎಂದಿದೆ ಅಂದುಕೊಳ್ಳಿ. ಬಿಲ್ಡರ್ ಹಿರಿಹಿರಿ ಹಿಗ್ಗುತ್ತಾನೆ, ಬುರ್ಜ್ ಖಲೀಫಾನೇ ಕಟ್ಟಬಹುದಲ್ಲ ಅಂತ. ಅದು ಕಟ್ಟಡದ ಎತ್ತರವಲ್ಲ ಸ್ವಾಮಿ, ಸಮುದ್ರಮಟ್ಟದಿಂದ ಅಳೆದದ್ದು. ನಿಮ್ಮ ಸೈಟಿನ ನೆಲವೇ 735 ಮೀಟರಿನಲ್ಲಿದ್ದರೆ ಉಳಿಯುವುದು 45 ಮೀಟರ್. ಅದರಲ್ಲೇ ನೀರಿನ ಟ್ಯಾಂಕು, ಲಿಫ್ಟ್ ರೂಮು, ಮಿಂಚುತಡೆ ಕಂಬಿ, ಮುಂದೆ ಯಾರೋ ಬಾಡಿಗೆ ಕೊಡ್ತೀನಿ ಅಂತ ಬಂದರೆ ಮೊಬೈಲ್ ಟವರು, ಎಲ್ಲವೂ ಸೇರಬೇಕು. ಎಷ್ಟೋ ಕ್ರಯಪತ್ರಗಳ ಕರಡು ನೋಡಿದ್ದೇನೆ, ವಕೀಲರು ಇಸಿ (ಋಣಭಾರ ಪತ್ರ) ತೆಗೆಸಿರುತ್ತಾರೆ, ಖಾತೆ ನೋಡಿರುತ್ತಾರೆ, ಈ ನಕ್ಷೆ ಮಾತ್ರ ತೆಗೆದೇ ಇರುವುದಿಲ್ಲ.

ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ ಈಗ 1,740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನ ಇಳಿಯುತ್ತದೆ, ದೊಡ್ಡ ಜೆಟ್‌ಗೆ ಸಾಲದು. ವಿಸ್ತರಣೆ ಆದರೆ ಒಂದು ಕಡೆ ಹೆದ್ದಾರಿ, ರೈಲು ಹಳಿಯ ಪ್ರಶ್ನೆ, ಇನ್ನೊಂದು ಕಡೆ ಜಮೀನು. ಅಷ್ಟೇ ಅಲ್ಲ, ರನ್‌ವೇ ತುದಿ ಮುಂದೆ ಹೋದರೆ ವಿಮಾನ ಇಳಿಯುವ ಇಳಿಜಾರೂ ಮುಂದೆ ಹೋಗುತ್ತದೆ, ಎತ್ತರದ ಲೆಕ್ಕವೂ ಬದಲಾಗುತ್ತದೆ. ಜಮೀನು ಕಳೆದುಕೊಂಡವನಿಗೆ ಪರಿಹಾರ ಸಿಗುತ್ತದೆ. ಜಮೀನು ಉಳಿದು, ಮೇಲೆ ಕಟ್ಟುವ ಎತ್ತರ ಮಾತ್ರ ಕಳೆದುಕೊಂಡವನ ಕಥೆ? ಕೆರಗೋಡಿನ ಹುಡುಗ, ನಿನ್ನ ಪ್ರಾಜೆಕ್ಟಿಗೆ ಇದನ್ನೇ ಹಿಡಿ.

ಕೆರಗೋಡಿನ ಹುಡುಗ
ಸಾರ್ ಇದು ನಿಜಕ್ಕೂ ಚೆನ್ನಾಗಿದೆ. ಒಂದು ಡೌಟು: ಜಮೀನು ನನ್ನದಾದ್ರೆ ಅದರ ಮೇಲಿನ ಆಕಾಶವೂ ನನ್ನದು ಅಂತ ಟಾರ್ಟ್ಸ್ (ಸಿವಿಲ್ ತಪ್ಪುಗಳ ಕಾನೂನು) ಪೇಪರ್‌ನಲ್ಲಿ ಓದಿದ್ದೆ, ಪಾತಾಳದಿಂದ ಆಕಾಶದವರೆಗೆ ಅಂತ.

ಗಂಗೋತ್ರಿ ಮೇಷ್ಟ್ರು
ಅದು ವಿಮಾನ ಬರುವುದಕ್ಕೆ ಮುಂಚಿನ ಮಾತು. ಅದನ್ನು ಮುರಿದದ್ದು ಒಂದು ಕೋಳಿ ಫಾರಂ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕಾಸ್ಬಿ ಎಂಬ ರೈತ. ಪಕ್ಕದ ನಿಲ್ದಾಣವನ್ನು ಎರಡನೇ ಮಹಾಯುದ್ಧದಲ್ಲಿ ಸೈನ್ಯ ಬಾಡಿಗೆಗೆ ಹಿಡಿಯಿತು. ಬಾಂಬರುಗಳು ಅವನ ಜಮೀನಿನ ಮೇಲೆ 83 ಅಡಿ ಎತ್ತರದಲ್ಲಿ, ಮನೆಯ ಮೇಲೆ 67 ಅಡಿಯಲ್ಲಿ ಹೋಗುತ್ತಿದ್ದವು. ಕೋಳಿಗಳು ಹೆದರಿ ಗೋಡೆಗೆ ಹಾರಿ ಬಡಿದುಕೊಂಡು ಸುಮಾರು 150 ಸತ್ತವು, ವ್ಯಾಪಾರ ಮುಚ್ಚಿತು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡೂ ಕಡೆ ಕತ್ತಿ ಬೀಸಿತು: ಆಕಾಶದವರೆಗೂ ನನ್ನದು ಎಂಬ ಹಳೆಯ ಸಿದ್ಧಾಂತಕ್ಕೆ ಇಂದಿನ ಜಗತ್ತಿನಲ್ಲಿ ಜಾಗ ಇಲ್ಲ, ಆದರೆ ನೆಲಕ್ಕೆ ಹತ್ತಿದಂತೆ ಪದೇ ಪದೇ ಹಾರಿ ಜಮೀನು ಬಳಸಲಾಗದಂತೆ ಮಾಡಿದರೆ ಅದು ಆಸ್ತಿ ಕಸಿದುಕೊಂಡಂತೆಯೇ, ಪರಿಹಾರ ಕೊಡಿ.

ನಮ್ಮಲ್ಲಿ 1934ರ ಏರ್‌ಕ್ರಾಫ್ಟ್ ಆಕ್ಟಿನ 17ನೇ ಕಲಮು, ಗಾಳಿ-ಹವೆ ನೋಡಿ ತಕ್ಕ ಎತ್ತರದಲ್ಲಿ ಹಾರಿದ ಮಾತ್ರಕ್ಕೆ ಅತಿಕ್ರಮಣದ ದಾವೆ ಹಾಕುವಂತಿಲ್ಲ ಎಂದಿತ್ತು. ತಕ್ಕ ಎತ್ತರ ಎಷ್ಟು? ಅಡಿ ಲೆಕ್ಕ ಕೊಟ್ಟಿಲ್ಲ. ಎಂಟತ್ತಡಿಯಲ್ಲಿ ಹೋಗುವ ಡ್ರೋನನ್ನು ಇದರ ಪಕ್ಕ ಇಟ್ಟು ನೋಡಿದರೆ ಒಂದು ಇಡೀ ಕ್ಲಾಸು ಜಗಳವಾಡುತ್ತದೆ. ನಾನು ಜಗಳ ಹಚ್ಚಿ ಕೂತದ್ದೂ ಉಂಟು.

ಅಂದಹಾಗೆ, 1934ರ ಕಾಯ್ದೆ ಈಗಿಲ್ಲ. ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಿನ್ನ ಸೀನಿಯರ್ ಕೊಡುವ ಗೈಡಿನಲ್ಲಿ ಇನ್ನೂ ಹಳೆಯದೇ ಇದ್ದರೆ ರದ್ದಿಗೆ ಹಾಕು.

ಹೆಬ್ಬಾಳ ಇಂಜಿನಿಯರ್
ಸರಿ, ವಾಯು ಕಾನೂನು ಒಪ್ಪಿದೆ. ಡ್ರೋನು, ಎನ್‌ಒಸಿ, ಬ್ಯಾಗೇಜು, ಎಲ್ಲ ನೆಲದ ವ್ಯವಹಾರವೇ. ಆದ್ರೆ ಸ್ಪೇಸ್ ಲಾ? ಪೊಲೀಸಿಲ್ಲ, ಕೋರ್ಟಿಲ್ಲ. ದೊಡ್ಡ ದೇಶ ಮಾಡಿದ್ದೇ ಕಾನೂನು. ಅದನ್ನ ಲಾ ಅಂತ ಯಾಕೆ ಕರೀತೀರಿ?

ಸರಸ್ವತಿಪುರಂ ಸ್ಟೂಡೆಂಟ್
ಇದಕ್ಕೆ ನಾನು ಉತ್ತರ ಕೊಡ್ತೀನಿ. ಸ್ಪೇಸ್ ಲಾ ಮೂಟ್‌ಗೆ (ಅಣಕು ನ್ಯಾಯಾಲಯದ ಸ್ಪರ್ಧೆಗೆ) ತಯಾರಿ ಮಾಡಿದ್ದೆ. ಮ್ಯಾನ್‌ಫ್ರೆಡ್ ಲಾಕ್ಸ್ ಅಂತ ಸ್ಪರ್ಧೆ, ಫೈನಲ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೇ ಪೀಠದಲ್ಲಿ ಕೂರ್ತಾರೆ. ನಾವು ಅಲ್ಲಿವರೆಗೆ ಹೋಗಲಿಲ್ಲ ಬಿಡಿ.

ಸಾರ್, ಇದು ಬರೀ ಕಾಗದ ಅನ್ನೋರಿಗೆ ಮೊದಲ ಉತ್ತರ ಕಾಸ್ಮಾಸ್ 954. 1978ರ ಜನವರಿಯಲ್ಲಿ ಅಣುಶಕ್ತಿಯಿಂದ ಓಡ್ತಿದ್ದ ಸೋವಿಯತ್ ಉಪಗ್ರಹ ಕೆನಡಾ ಮೇಲೆ ಚೂರುಚೂರಾಗಿ ಬಿತ್ತು. ಹಿಮದಲ್ಲಿ ವಿಕಿರಣದ ಚೂರು ಹುಡುಕೋದಕ್ಕೆ ಕೆನಡಾ ತಿಂಗಳುಗಟ್ಟಲೆ ಖರ್ಚು ಮಾಡಿ, 1972ರ ಹೊಣೆಗಾರಿಕೆ ಒಪ್ಪಂದ ತೋರಿಸಿ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳ್ತು. 1981ರಲ್ಲಿ ಸೋವಿಯತ್ 30 ಲಕ್ಷ ಕೊಟ್ಟು ಮುಗಿಸ್ತು. ಶೀತಲ ಸಮರದ ಕಾಲ, ಪೊಲೀಸಿಲ್ಲದೇನೇ ದುಡ್ಡು ಬಂತು. ನಮ್ಮ ಊರಿನ ಎಷ್ಟು ಡಿಕ್ರಿಗಳಲ್ಲಿ ಮೂರು ವರ್ಷಕ್ಕೆ ಅರ್ಧ ದುಡ್ಡು ಕೈಗೆ ಬರುತ್ತೆ?

ಕೋರ್ಟ್ ಕಾರಿಡಾರ್
ಈ ಕೊನೇ ಸಾಲಿಗೆ ನನ್ನ ಪೂರ್ಣ ಸಹಮತ. ಡಿಕ್ರಿ ಜಾರಿಗೆ ಹಾಕೋ ಎಕ್ಸಿಕ್ಯೂಷನ್ ಅರ್ಜಿ ಅಂದ್ರೆ ಎರಡನೇ ದಾವೆ.

ಸರಸ್ವತಿಪುರಂ ಸ್ಟೂಡೆಂಟ್
ಮುಂದುವರಿಸ್ತೀನಿ. ನಾವು ತಯಾರಿಯಲ್ಲಿ ಒಂದು ಆಟ ಆಡ್ತಿದ್ವಿ. ಒಂದು ರಾಕೆಟ್ ಉಂಗುರ ಕೆ.ಆರ್. ಪೇಟೆ ಹತ್ತಿರ ಒಬ್ಬರ ಹಟ್ಟಿ ಮೇಲೆ ಬಿದ್ದು ಎರಡು ಹಸು ಸತ್ತವು ಅಂತಿಟ್ಟುಕೊಳ್ಳಿ. ಕಟ್ಟುಕಥೆ ಅನ್ಕೋಬೇಡಿ. 2022ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಕಡೆ ದೊಡ್ಡ ಲೋಹದ ಉಂಗುರ ಬಿದ್ದಿತ್ತು, ಚೀನಾ ರಾಕೆಟ್‌ನದ್ದು ಅಂತ ತಜ್ಞರು ಹೇಳಿದ್ರು. ಯಾರಿಗೂ ಏಟಾಗಲಿಲ್ಲ, ಅದೃಷ್ಟ.

ಕೆ.ಆರ್. ಪೇಟೆ ಉಂಗುರ ಚೀನಾದ್ದಾದ್ರೆ: 1972ರ ಒಪ್ಪಂದದ ಪ್ರಕಾರ ಉಡಾಯಿಸಿದ ದೇಶಕ್ಕೆ ನೆಲದ ಮೇಲಿನ ಹಾನಿಗೆ ಪೂರ್ಣ ಹೊಣೆ, ತಪ್ಪು ಯಾರದ್ದು ಅಂತ ಸಾಬೀತು ಮಾಡೋದೇ ಬೇಡ. ಆದ್ರೆ ಹಸು ಯಜಮಾನ ನೇರವಾಗಿ ಚೀನಾನ ಕೇಳೋಕಾಗಲ್ಲ. ಭಾರತ ಸರ್ಕಾರ ರಾಜತಾಂತ್ರಿಕ ದಾರೀಲಿ ಕೇಳಬೇಕು, ಒಂದು ವರ್ಷದೊಳಗೆ. ಅಂದ್ರೆ ಆತ ಮೊದಲು ತಹಸೀಲ್ದಾರ್ ಆಫೀಸಿಗೇ ಹೋಗಬೇಕು, ಅಲ್ಲಿಂದ ಅರ್ಜಿ ಬೀಜಿಂಗಿಗೆ ಹೋಗೋ ದಾರಿ ನೀವೇ ಊಹಿಸಿ.

ಉಂಗುರ ನಮ್ಮದೇ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನದ್ದಾದ್ರೆ? ಇಲ್ಲಿ ಮಜಾ. ಅದೇ ಒಪ್ಪಂದದ 7ನೇ ವಿಧಿ ಪ್ರಕಾರ ಉಡಾಯಿಸಿದ ದೇಶದ ಸ್ವಂತ ಪ್ರಜೆಗಳಿಗೆ ಅದು ಅನ್ವಯವೇ ಆಗಲ್ಲ. ಹೊರಗಿನವರ ಉಂಗುರ ಬಿದ್ರೆ ಕಾನೂನು ಇದೆ, ಮನೆಯವರ ಉಂಗುರ ಬಿದ್ರೆ ಇಲ್ಲ. 2024ರ ಮಾರ್ಚ್‌ನಲ್ಲಿ ಫ್ಲೋರಿಡಾದಲ್ಲಿ ಇದೇ ಆಯ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಎಸೆದಿದ್ದ ಬ್ಯಾಟರಿ ಕಸದ ಒಂದು ತುಂಡು ಒಬ್ಬರ ಮನೆ ಸೂರು ತೂತು ಮಾಡ್ಕೊಂಡು ಒಳಗೆ ಬಿತ್ತು. ಅಮೆರಿಕದ ಪ್ರಜೆಗಳು, ಅಮೆರಿಕದ್ದೇ ವಸ್ತು. ಅವರು ತಮ್ಮ ದೇಶದ ಕಾನೂನಿನಲ್ಲೇ ನಾಸಾ ಹತ್ರ 80,000 ಡಾಲರ್ ಕೇಳಬೇಕಾಯ್ತು.

ನಮ್ಮ ದೇಶದ ಕಾನೂನು ಯಾವುದು ಅಂತ ಹುಡುಕಿದ್ರೆ ಖಾಲಿ. 2017ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು ಬಂತು, ಕಾಯ್ದೆ ಆಗಲಿಲ್ಲ. 2020ರಲ್ಲಿ ಇನ್‌-ಸ್ಪೇಸ್ (ಖಾಸಗಿಯವರಿಗೆ ಅನುಮತಿ ಕೊಡೋ ಸಂಸ್ಥೆ), 2023ರಲ್ಲಿ ಬಾಹ್ಯಾಕಾಶ ನೀತಿ, 2024ರಲ್ಲಿ ಅನುಮತಿಯ ಮಾರ್ಗಸೂಚಿ. ನೀತಿ ತೋರಿಸಿ ಹಸುವಿನ ಬೆಲೆ ಕೇಳೋಕಾಗುತ್ತಾ? ಹಾಗಾಗಿ ನಾವು 1987ರ ಎಂ.ಸಿ. ಮೆಹ್ತಾ ತೀರ್ಪಿನ ಪೂರ್ಣ ಹೊಣೆಗಾರಿಕೆ (ಅಪಾಯದ ಕೆಲಸ ಮಾಡೋರು ತಪ್ಪಿಲ್ಲದಿದ್ರೂ ಹಾನಿ ತುಂಬಬೇಕು ಅನ್ನೋ ತತ್ವ) ಹಿಡಿದು ಹೈಕೋರ್ಟಿಗೆ ರಿಟ್ ಹಾಕೋಣ ಅಂತ ವಾದ ಕಟ್ಟಿದ್ವಿ.

ಹೆಬ್ಬಾಳ ಇಂಜಿನಿಯರ್
ಇಸ್ರೋ ರಾಕೆಟ್ ಎಲ್ಲಾ ಸಮುದ್ರದ ಕಡೆ ಉಡಾಯಿಸ್ತಾರೆ, ಶ್ರೀಹರಿಕೋಟಾ ಆಯ್ಕೆ ಮಾಡಿದ್ದೇ ಅದಕ್ಕೆ. ಕೆ.ಆರ್. ಪೇಟೆಗೆ ಬೀಳಲ್ಲ.

ಸರಸ್ವತಿಪುರಂ ಸ್ಟೂಡೆಂಟ್
ಕೆಳಗಿನ ಹಂತಗಳು ಸಮುದ್ರಕ್ಕೆ ಬೀಳ್ತವೆ ಸಾರ್, ಒಪ್ಪಿದೆ. ಕಕ್ಷೆ ತಲುಪಿ ತಿಂಗಳೋ ವರ್ಷವೋ ಸುತ್ತಿ ಕೆಳಗೆ ಬರೋದು ಎಲ್ಲಿ ಬೇಕಾದ್ರೂ ಬೀಳಬಹುದು. ಇನ್ನು ಸಮುದ್ರಕ್ಕೆ ಬಿದ್ದದ್ದೂ ಸುಮ್ಮನಿರಲ್ಲ. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲ ತೀರಕ್ಕೆ ಕೊಚ್ಚಿಕೊಂಡು ಬಂದ ದೊಡ್ಡ ಸಿಲಿಂಡರ್ ಪಿಎಸ್‌ಎಲ್‌ವಿಯ ಮೂರನೇ ಹಂತದ್ದು ಅಂತ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯೇ ಹೇಳ್ತು. ಕಪ್ಪೆಚಿಪ್ಪು ಮೆತ್ತಿಕೊಂಡಿತ್ತು. ಅದನ್ನ ವಾಪಸ್ ಕೊಡೋದು ಹೇಗೆ, ಖರ್ಚು ಯಾರದ್ದು ಅನ್ನೋದಕ್ಕೂ 1968ರ ಒಪ್ಪಂದದಲ್ಲಿ ವಿಧಿ ಇದೆ.

ಮಂಡಕಳ್ಳಿ ರಿಟೈರ್ಡ್
ಈ ಹುಡುಗಿಗೆ ಯಾರಾದರೂ ಪಾಠ ಮಾಡುವ ಕೆಲಸ ಕೊಡಿಸಿ.

ಅಶೋಕಪುರಂ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮೂರು ವರ್ಷದ ಎಲ್‌ಎಲ್‌ಬಿ, ಸಂಜೆ ಅಂಗಡೀಲಿ ಕೆಲಸ. ಕನ್ನಡದಲ್ಲಿ ಪರೀಕ್ಷೆ ಬರೆಯುವವನು. ಈ ವಿಷಯಕ್ಕೆ ಕನ್ನಡದಲ್ಲಿ ಓದಲು ಏನಿದೆ?

ಗಂಗೋತ್ರಿ ಮೇಷ್ಟ್ರು
ತುಂಬ ಕಡಿಮೆ. ಆದರೆ ಒಂದು ಸಮಾಧಾನ. 1967ರ ಒಪ್ಪಂದದಲ್ಲಿ ಇರುವುದೇ 17 ವಿಧಿ, ನಾಲ್ಕೈದು ಪುಟ. ವಿಶ್ವಸಂಸ್ಥೆಯ ಬಾಹ್ಯಾಕಾಶ ಕಚೇರಿಯ ಜಾಲತಾಣದಲ್ಲಿ ಐದೂ ಒಪ್ಪಂದ ಪುಕ್ಕಟೆ ಸಿಗುತ್ತವೆ, ಪಾಠ ಮಾಡುವವರಿಗೆ ಅಂತಲೇ ಪಠ್ಯಕ್ರಮವೂ ಇದೆ. ಗೈಡಿನ ಮುನ್ನೂರು ಪುಟ ಬಿಟ್ಟು ಮೂಲದ ಈ ನಾಲ್ಕು ಪುಟವನ್ನು ನಿಘಂಟು ಇಟ್ಟುಕೊಂಡು ಓದಿ. ವಾರಕ್ಕೆ ಎರಡು ವಿಧಿ ಸಾಕು. ಆರನೇ ವಿಧಿಗೆ ಮಾತ್ರ ಒಂದು ವಾರ ಪೂರ್ತಿ ಕೊಡಿ. ಖಾಸಗಿ ಕಂಪನಿ ಏನೇ ಮಾಡಿದರೂ ಅದಕ್ಕೆ ದೇಶವೇ ಹೊಣೆ, ದೇಶ ಅನುಮತಿ ಕೊಡಬೇಕು, ಕೊಟ್ಟ ಮೇಲೂ ಕಣ್ಣಿಟ್ಟಿರಬೇಕು ಎನ್ನುವ ವಿಧಿ ಅದು. ಬೆಂಗಳೂರಿನಲ್ಲಿ ಉಪಗ್ರಹ ಮಾಡುವ ಹೊಸ ಕಂಪನಿಗಳ ಕರಾರುಗಳಲ್ಲಿ ವಿಮೆ, ನಷ್ಟ ಭರ್ತಿ ಎಂಬ ಷರತ್ತು ಬರುವುದು ಅಲ್ಲಿಂದಲೇ.

ನಮ್ಮವರೇ ಈ ಕ್ಷೇತ್ರದ ಜಾಗತಿಕ ಸಮಿತಿಯ ತಲೆಯಲ್ಲಿ ಕೂತಿದ್ದರು ಎಂಬುದೂ ನೆನಪಿರಲಿ. ಇಸ್ರೋ ಅಧ್ಯಕ್ಷರಾಗಿದ್ದ ಉಡುಪಿಯ ಯು.ಆರ್. ರಾವ್ ಅವರು 1997ರಿಂದ 2000ದವರೆಗೆ ಬಾಹ್ಯಾಕಾಶದ ಶಾಂತಿಯುತ ಬಳಕೆಯ ವಿಶ್ವಸಂಸ್ಥೆ ಸಮಿತಿಯ ಅಧ್ಯಕ್ಷರಾಗಿದ್ದರು. ನಾನು ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿ ಇದೆ, ಕೈಬರಹ, ಸ್ಕ್ಯಾನ್ ಮಾಡಿ ಹಾಕುತ್ತೇನೆ.

ಅಶೋಕಪುರಂ
ತುಂಬಾ ಧನ್ಯವಾದ ಸರ್.

ಕೋರ್ಟ್ ಕಾರಿಡಾರ್
ಮೇಷ್ಟ್ರೇ, ಒಂದು ಕೇಳಬೇಕು. ಮಂಗಳೂರು ವಿಮಾನ ದುರಂತದ ಪರಿಹಾರ ಕಡೆಗೆ ಹೇಗೆ ಲೆಕ್ಕ ಹಾಕಿದರು? ಎಂವಿಸಿಯವನಿಗೆ ಇದ್ದೇ ಇರುತ್ತಲ್ಲ ಕುತೂಹಲ.

ಗಂಗೋತ್ರಿ ಮೇಷ್ಟ್ರು
2010ರ ಮೇ 22. 158 ಜನ ಹೋದರು, 8 ಜನ ಉಳಿದರು. ದುಬೈನಿಂದ ಬಂದ ವಿಮಾನ, ಹಾಗಾಗಿ ಮಾಂಟ್ರಿಯಲ್ ಒಪ್ಪಂದ. ಒಂದು ಕುಟುಂಬ ಕೇರಳ ಹೈಕೋರ್ಟಿಗೆ ಹೋಯಿತು. 1 ಲಕ್ಷ ಎಸ್‌ಡಿಆರ್, ಅಂದರೆ ಐಎಂಎಫ್ ಲೆಕ್ಕದ ಹಣ, ಆಗ ಸುಮಾರು 75 ಲಕ್ಷ ರೂಪಾಯಿ, ಪ್ರತಿ ಸಾವಿಗೂ ಕನಿಷ್ಠ ಸಿಗಲೇಬೇಕು ಎಂಬ ವಾದ. ಏಕಸದಸ್ಯ ಪೀಠ ಒಪ್ಪಿತು. 2011ರಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು: ಅದು ತಪ್ಪಿನ ಪ್ರಶ್ನೆ ಎತ್ತದೆ ಕೊಡಬೇಕಾದ ಮಿತಿ, ಕನಿಷ್ಠ ಮೊತ್ತವಲ್ಲ, ನಷ್ಟ ಎಷ್ಟು ಅಂತ ತೋರಿಸಲೇಬೇಕು. ನಾನು ಪಾಠದಲ್ಲಿ ಎರಡೂ ತೀರ್ಪು ಕೊಟ್ಟು ಹೆಸರು ಮುಚ್ಚಿ, ಯಾವುದು ಮೇಲಿನದು ಊಹಿಸಿ ಎನ್ನುತ್ತೇನೆ. ಅರ್ಧ ಕ್ಲಾಸು ತಪ್ಪು ಹೇಳುತ್ತದೆ.

ಇನ್ನೊಂದು ಕುಟುಂಬದ ಪ್ರಕರಣ ರಾಷ್ಟ್ರೀಯ ಗ್ರಾಹಕರ ಆಯೋಗದಿಂದ ಸುಪ್ರೀಂ ಕೋರ್ಟಿಗೆ ಹೋಗಿ 2020ರಲ್ಲಿ 7.64 ಕೋಟಿ ರೂಪಾಯಿಗೆ ಮುಟ್ಟಿತು. ಲೆಕ್ಕ ನಿಮಗೆ ಬಾಯಲ್ಲೇ ಇರುವಂಥದ್ದು: ಸಂಬಳ, ಅದರಲ್ಲಿ ಯಾವ ಭತ್ಯೆ ಸೇರಬೇಕು, ಭವಿಷ್ಯದ ಏರಿಕೆ, ಸ್ವಂತ ಖರ್ಚಿನ ಕಡಿತ, ವಯಸ್ಸಿಗೆ ತಕ್ಕ ಗುಣಕ. ತೀರ್ಪಿನ ಬಹುಪಾಲು ಆಕಾಶದ ಮಾತೇ ಇಲ್ಲ. ನೀವೇ ಬಂದು ಕ್ಲಾಸಿನಲ್ಲಿ ಒಂದು ಗಂಟೆ ಇದನ್ನು ಹೇಳಿಕೊಡಬೇಕು ಎಂದರೆ ಬರುತ್ತೀರಾ?

ಕೋರ್ಟ್ ಕಾರಿಡಾರ್
ಶನಿವಾರ ಆದರೆ ಬರ್ತೀನಿ. ಎರಡನೇ ಶನಿವಾರ.

ಹೆಬ್ಬಾಳ ಇಂಜಿನಿಯರ್
ಕೆಲಸದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅನ್ನೋದನ್ನ ಗಮನಿಸಿ.

ಗಂಗೋತ್ರಿ ಮೇಷ್ಟ್ರು
ಕೊಡುತ್ತೇನೆ. ಬರೀ ಈ ಪೇಪರ್ ಓದಿದವನಿಗೆ ಮೈಸೂರಿನಲ್ಲಿ ಕೆಲಸ ಇಲ್ಲ. ಇದರ ಮೇಲೇ ಬದುಕುವವರು ಮುಂದೆ ಓದಬೇಕು. ಹೈದರಾಬಾದಿನ ನಲ್ಸಾರ್‌ನಲ್ಲಿ ಈ ಕ್ಷೇತ್ರಕ್ಕೆಂದೇ ದೂರಶಿಕ್ಷಣದ ಕೋರ್ಸುಗಳಿವೆ. ಹೊರಗೆ ಹೋಗುವುದಾದರೆ ಮಾಂಟ್ರಿಯಲ್‌ನ ಮೆಕ್‌ಗಿಲ್, 1951ರಿಂದ ಇದಕ್ಕೇ ಒಂದು ಸಂಸ್ಥೆ ಅಲ್ಲಿದೆ, ಇಲ್ಲವೆ ನೆದರ್ಲೆಂಡ್ಸಿನ ಲೈಡನ್. ಕೆಲಸ ಹೆಚ್ಚಾಗಿ ಇರುವುದು ವಿಮಾನಗಳ ಗುತ್ತಿಗೆ, ಸಾಲದ ಕಡೆ. 2023ರಲ್ಲಿ ಗೋ ಫಸ್ಟ್ ವಿಮಾನ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಗುತ್ತಿಗೆ ಕೊಟ್ಟವರು ತಮ್ಮದೇ ವಿಮಾನ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಹೋರಾಡಿದರು. ವಿಮಾನ ಗುತ್ತಿಗೆ ಕೊಟ್ಟವರ ಹಕ್ಕು ಕಾಯುವ ಕೇಪ್‌ಟೌನ್ ಒಪ್ಪಂದಕ್ಕೆ ಬಲ ಕೊಡುವ ಕಾಯ್ದೆ 2025ರಲ್ಲಿ ಬಂತು. ಇಷ್ಟೇ. ಮಂಡ್ಯಕ್ಕೆ ವಾಪಸ್ ಬರುವವನಿಗೆ ಇದು ಉಪ್ಪಿನಕಾಯಿ, ಊಟ ಅಲ್ಲ.

ಕೆರಗೋಡಿನ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಹೆಸರು ಬರೆಸಿದೆ. ಹಾಸ್ಟೆಲ್‌ನಲ್ಲಿ ಈ ಥ್ರೆಡ್ ತೋರಿಸಿ ಇನ್ನೂ ಕೆಲವರನ್ನ ಎಳೆದಿದ್ದೀನಿ, ಒಬ್ಬ ಬಂದಿದ್ದು ಕೋಳಿ ಫಾರಂ ಕೇಸಿಗೆ. ಆದ್ರೂ ಇನ್ನೊಂದಿಬ್ಬರು ಕಡಿಮೆ, ಸೋಮವಾರದೊಳಗೆ ಆಗಬೇಕು. ಪ್ರಾಜೆಕ್ಟ್ ಮಂಡಕಳ್ಳಿ ಎತ್ತರದ ನಕ್ಷೆ ಮೇಲೇ. ರಿಟೈರ್ಡ್ ಸಾರ್, ನಿಮ್ಮನ್ನ ಭೇಟಿ ಮಾಡಬಹುದಾ?

ಮಂಡಕಳ್ಳಿ ರಿಟೈರ್ಡ್
ಧಾರಾಳವಾಗಿ. ಬರುವ ಮುಂಚೆ ಒಂದು ಸೈಟಿನ ಸರ್ವೆ ನಂಬರು, ಅದರ ನೆಲಮಟ್ಟ ಹಿಡಿದುಕೊಂಡು ಬಾ. ಖಾಲಿ ಕೈಯಲ್ಲಿ ಬಂದರೆ ಕಾಫಿ ಮಾತ್ರ.

ಡ್ರೋನ್ ದೊಡ್ಡಿ
ಸಾರ್ ಪಾಲಿಸಿ ಸಿಕ್ತು, ಫೋಟೊ ಹಾಕಿವ್ನಿ. ನಾಲ್ಕನೇ ಪುಟದಲ್ಲಿ ಕೆಮಿಕಲ್ ಅಂತ ಏನೋ ಐತೆ.

ಕೋರ್ಟ್ ಕಾರಿಡಾರ್
ಫೋಟೊ ಮಸುಕು, ಬೆರಳು ಅಡ್ಡ ಬಂದಿದೆ. ನಾಲ್ಕನೇ ಪುಟ ಮತ್ತೆ ತೆಗೆದು ಹಾಕು. ಎಕ್ಸ್‌ಕ್ಲೂಷನ್ ಅಂತ ತಲೆಬರಹ ಇರೋ ಜಾಗ ಪೂರ್ತಿ ಬರಲಿ. ಮತ್ತೆ ಆ ದಿನದ ಫ್ಲೈಟ್ ಲಾಗ್ ಅಳಿಸಬೇಡ, ಎತ್ತರ, ದಾರಿ, ಹೊತ್ತು ಎಲ್ಲ ಅದರಲ್ಲೇ ಇರುತ್ತೆ. ನಿನ್ನ ಪರವಾಗಲೀ ವಿರುದ್ಧವಾಗಲೀ, ಸಾಕ್ಷಿ ಅಂತ ಇರೋದು ಅದೊಂದೇ.